ಮಣ್ಣೂ ನಾವೇ, ದುಂಬಿಯೂ ನಾವೇ: ದಾದರ್‌ನ ಕೋಣೆಯೊಳಗೊಂದು ಟೊಮೆಟೊ

ಬಕೆಟ್ಟಿನ ಮುಚ್ಚಳವನ್ನು ನಾಲ್ಕು ಬೆರಳಷ್ಟು ಎತ್ತಿದರೆ ಸಾಕು, ಮೈ ಝುಮ್ಮೆನ್ನುತ್ತದೆ. ಮುಚ್ಚಳದ ಮೇಲಿರುವುದು ನಮಗೆಲ್ಲ ಗೊತ್ತಿರುವ ಟೊಮೆಟೊ ಗಿಡ: ಮುಟ್ಟಿದರೆ ಬೆರಳಿಗೆ ಹಸಿರು ಹಳದಿ ಕಲೆ ಹತ್ತಿಸುವ ಕಾಂಡ, ಮೂಗಿಗೆ ಅಡರುವ ಆ ಘಾಟು, ತಲೆ ತಗ್ಗಿಸಿ ನಿಂತ ಹಳದಿ ಹೂ, ಗೋಲಿ ಗಾತ್ರದ ಕಾಯಿ. ಮುಚ್ಚಳದ ಕೆಳಗಿರುವುದು ನಾವು ಹುಟ್ಟಿದಾಗಿನಿಂದ ಮಣ್ಣು ನಮ್ಮ ಕಣ್ಣಿಗೆ ಬೀಳದಂತೆ ಇಟ್ಟುಕೊಂಡಿದ್ದ ಉಳಿದರ್ಧ ಗಿಡ! ಅಚ್ಚ ಬಿಳಿ ಬೇರು, ಎಣಿಸಲಾರದಷ್ಟು ಎಳೆ, ನೀರಿನೊಳಗೆ ಹರಡಿ, ತಳ ಮುಟ್ಟಿ, ಅಲ್ಲಿಂದ ಸುತ್ತು ಹೊಡೆದು ಮತ್ತೆ ಮೇಲಕ್ಕೆ ಬರುತ್ತಿದೆ. ಇನ್ನೂ ಹತ್ತಿರ ಬಾಗಿ ನೋಡಿ. ನೀರಿಗೂ ಮುಚ್ಚಳಕ್ಕೂ ನಡುವಿನ ಖಾಲಿ ಜಾಗದಲ್ಲಿ ತೂಗುವ ಬೇರುಗಳಿಗೆ ಮೈತುಂಬ ನವಿರು ರೋಮ. ನೀರಿಗಿಳಿದ ಬೇರುಗಳದು ನುಣುಪು ಮೈ. ಒಂದೇ ಗಿಡ, ಒಂದೇ ಬುಡ, ಆದರೆ ಮೇಲಿನ ಬೇರು ಗಾಳಿಯಿಂದ ಆಮ್ಲಜನಕ ಹೀರಲು ಸಜ್ಜಾಗಿದೆ, ಕೆಳಗಿನದು ನೀರು ಕುಡಿಯಲು. ಯಾರೂ ಹೇಳಿಕೊಡಲಿಲ್ಲ. ಬಕೆಟ್ಟಿನ ನೀರು ದಿನದಿನ ಇಳಿದಂತೆ ಗಿಡ ತಾನೇ ಕೆಲಸ ಹಂಚಿಕೊಂಡಿತು.

ಇದು ನಡೆಯುತ್ತಿರುವುದು ಮುಂಬಯಿಯ ದಾದರ್‌ನಲ್ಲಿ! ಸೆಂಟ್ರಲ್ ಲೈನೂ ವೆಸ್ಟರ್ನ್ ಲೈನೂ ಕೂಡುವ, ಬೆಳಕು ಹರಿಯುವ ಮೊದಲೇ ಹೂವಿನ ರಾಶಿ, ತರಕಾರಿ ಮೂಟೆಗಳ ನಡುವೆ ಕಾಲಿಡಲು ಜಾಗವಿಲ್ಲದ ದಾದರ್‌ನಲ್ಲಿ. ಇಲ್ಲಿನ ಮನೆಗಳಿಗೆ ಹಿತ್ತಲಿಲ್ಲ, ಅಂಗಳವಿಲ್ಲ. ಇರುವುದು ಕಿಟಕಿ, ಕಿಟಕಿಯಾಚೆಗೆ ಚಾಚಿದ ಕಬ್ಬಿಣದ ಗ್ರಿಲ್ಲು, ಅದರಲ್ಲಿ ಒಂದು ತುಳಸಿ, ಒಂದು ಮನಿಪ್ಲಾಂಟ್. ಊರಿನಲ್ಲಿ ಹಿತ್ತಲು ತುಂಬ ಬೆಳೆದುಕೊಂಡಿದ್ದ ಮನೆತನಗಳಿಂದ ಬಂದ ಎಷ್ಟೋ ಕನ್ನಡಿಗರು ಇಲ್ಲಿ, ಪಕ್ಕದ ಮಾಟುಂಗಾದಲ್ಲಿ, ವಡಾಲದಲ್ಲಿ ತಲೆಮಾರುಗಳಿಂದ ಇದ್ದಾರೆ. ಅಂಥ ಒಂದು ಕೋಣೆಯಲ್ಲಿ ಮಣ್ಣಿಲ್ಲದೆ, ನೇರ ಬಿಸಿಲಿಲ್ಲದೆ, ಒಂದು ಜೇನುನೊಣವೂ ಸುಳಿಯದೆ ಟೊಮೆಟೊ ಹಣ್ಣಾಗುತ್ತದೆ ಎನ್ನುವುದೇ ಮೊದಲ ಬೆರಗು. ಆದರೆ ನನ್ನನ್ನು ಹಿಡಿದು ಅಲ್ಲಾಡಿಸಿದ ಬೆರಗು ಬೇರೆ. ಹೊಲದಲ್ಲಿ ಮಣ್ಣು, ಗಾಳಿ, ಸೂರ್ಯ, ದುಂಬಿ ಯಾರಿಗೂ ತಿಳಿಯದಂತೆ ಮಾಡಿ ಮುಗಿಸುವ ಕೆಲಸಗಳು ಇಲ್ಲಿ ಒಂದೊಂದಾಗಿ ನಮ್ಮ ಕೈಗೆ ಬಂದು ಬೀಳುತ್ತವೆ. ಆ ಕೆಲಸ ಎಂಥದ್ದೆಂದು ಆಗ ಗೊತ್ತಾಗುತ್ತದೆ!

ನೀರಿನಿಂದಲೇ ಶುರು ಮಾಡೋಣ. ದಾದರ್ ಪಶ್ಚಿಮದ ಹೂವಿನ ಮಾರುಕಟ್ಟೆ ಇರುವ ಸೇನಾಪತಿ ಬಾಪಟ್ ಮಾರ್ಗವನ್ನು ಹಳಬರು ಇಂದಿಗೂ ತುಳಸಿ ಪೈಪ್ ರೋಡ್ ಅಂತಲೇ ಕರೆಯುತ್ತಾರೆ. ತುಳಸಿ ಅಂದರೆ ಬೋರಿವಲಿಯ ಕಾಡಿನೊಳಗಿನ ತುಳಸಿ ಕೆರೆ, 1879ರಲ್ಲಿ ಕಟ್ಟಿದ್ದು. ಅದಕ್ಕೂ ಮೊದಲು 1860ರಲ್ಲಿ ವಿಹಾರ್, ಆಮೇಲೆ ತಾನ್ಸಾ, ಮೋಡಕ್ ಸಾಗರ್, ಭಾತ್ಸಾ, ವೈತರಣೆಯ ಎರಡು ಜಲಾಶಯಗಳು, ಹೀಗೆ ಒಟ್ಟು ಏಳು ಕೆರೆಗಳ ಮಳೆನೀರು ಈ ಊರಿನ ನಲ್ಲಿಗಳಲ್ಲಿ ಬರುತ್ತದೆ. ಮಣ್ಣಿಲ್ಲದ ಬೇಸಾಯಕ್ಕೆ ಇದಕ್ಕಿಂತ ದೊಡ್ಡ ಭಾಗ್ಯ ಬೇಕೇ? ನಮ್ಮ ಕೋಲಾರ, ಬೆಂಗಳೂರಿನ ಆಳದ ಬೋರ್‌ವೆಲ್ ನೀರಿನಲ್ಲಿ ಕಲ್ಲಿನ ಉಪ್ಪು ಮೊದಲೇ ತುಂಬಿರುತ್ತದೆ, ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಮುಂಬಯಿಯ ಕೆರೆನೀರು ಮೆದು. ಕ್ಲೋರಿನ್ ವಾಸನೆ ಹೋಗುವಂತೆ ಒಂದು ರಾತ್ರಿ ತೆರೆದಿಟ್ಟರೆ ಖಾಲಿ ಹಲಗೆಯಷ್ಟು ಶುಭ್ರ. ಅದರ ಮೇಲೆ ಏನು ಬರೆಯಬೇಕೋ ಅದನ್ನು ನಾವೇ ಬರೆಯಬಹುದು.

ಬರೆಯುವುದು ಏನನ್ನು? ಗಿಡವೊಂದಕ್ಕೆ ಬದುಕಲು ಬೇಕಾದ ಮೂಲವಸ್ತುಗಳು ಹದಿನೇಳು. ಇಂಗಾಲ, ಜಲಜನಕ, ಆಮ್ಲಜನಕ ಗಾಳಿಯಿಂದ, ನೀರಿನಿಂದ ಸಿಗುತ್ತವೆ. ಉಳಿದ ಹದಿನಾಲ್ಕೂ ಬೇರಿನ ಮೂಲಕವೇ ಒಳಗೆ ಹೋಗಬೇಕು. ಹರಳು ಹರಳಾದ ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್, ಪೊಟ್ಯಾಸಿಯಂ ಫಾಸ್ಫೇಟ್, ಮೆಗ್ನೀಸಿಯಂ ಸಲ್ಫೇಟ್, ಕೆಂಪುಕಂದು ಬಣ್ಣದ ಕಬ್ಬಿಣದ ಚೀಲೇಟ್, ಮತ್ತೆ ಉಗುರಿನ ತುದಿಯಲ್ಲಿ ಎತ್ತುವಷ್ಟು ಬೋರಾನ್, ಮ್ಯಾಂಗನೀಸ್, ಸತು, ತಾಮ್ರ, ಮಾಲಿಬ್ಡಿನಂ. ಅಂಗಡಿಯಲ್ಲಿ ಇವು ಎ ಮತ್ತು ಬಿ ಎಂಬ ಎರಡು ಬಾಟಲಿಗಳಲ್ಲಿ ಬರುತ್ತವೆ. ಎರಡು ಯಾಕೆ ಅನ್ನುವುದನ್ನು ಕಣ್ಣಾರೆ ನೋಡಬೇಕೆಂದರೆ ಒಂದು ಗಾಜಿನ ಲೋಟದಲ್ಲಿ ಎರಡನ್ನೂ ಗಟ್ಟಿಯಾಗಿರುವಾಗಲೇ ಬೆರೆಸಿ. ತಿಳಿಯಾಗಿದ್ದ ದ್ರವ ಕಲಕಿ, ಬಿಳಿ ಗಸಿ ತಳಕ್ಕೆ ಕೂರುತ್ತದೆ! ಕ್ಯಾಲ್ಸಿಯಂ ಹೋಗಿ ಸಲ್ಫೇಟ್ ಮತ್ತು ಫಾಸ್ಫೇಟ್‌ಗಳನ್ನು ಅಪ್ಪಿಕೊಂಡು ಸುಣ್ಣದಂತೆ ಗಟ್ಟಿಯಾಯಿತು, ಇನ್ನು ಯಾವ ಬೇರಿಗೂ ಅದು ದಕ್ಕದು. ಅದಕ್ಕೇ ಬಕೆಟ್ ತುಂಬ ನೀರಿಗೆ ಮೊದಲು ಎ ಹಾಕಿ, ಚೆನ್ನಾಗಿ ಕದಡಿ, ಆಮೇಲೆ ಬಿ. ದ್ರಾವಣದ ಆಮ್ಲತೆ, ಅಂದರೆ ಪಿಎಚ್, 5.5ರಿಂದ 6.5ರೊಳಗೆ ನಿಲ್ಲಬೇಕು. ಅದನ್ನು ದಾಟಿ ಮೇಲೆ ಹೋದರೆ ಕಬ್ಬಿಣ ನೀರಿನಲ್ಲಿದ್ದೂ ಗಿಡಕ್ಕೆ ಸಿಗದೆ ಎಳೆ ಎಲೆ ನರಗಳ ನಡುವೆ ಹಳದಿಗಟ್ಟುತ್ತದೆ.

ಆ ಮಾಲಿಬ್ಡಿನಂ ಪ್ರಮಾಣ ಕೇಳಿ! ಒಂದು ಸಾವಿರ ಲೀಟರ್ ನೀರಿಗೆ ಸುಮಾರು ಹತ್ತು ಮಿಲಿಗ್ರಾಂ. ನಮ್ಮ ಹತ್ತು ಲೀಟರ್ ಬಕೆಟ್ಟಿಗೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಪಾಲು. ಅಡುಗೆಮನೆಯ ಯಾವ ತಕ್ಕಡಿಯೂ ತೂಗಲಾರದ ಈ ಅಣುಮಾತ್ರದ ಲೋಹ ಇಲ್ಲದೆ ಹೋದರೆ ಗಿಡ ತಾನು ಹೀರಿದ ನೈಟ್ರೇಟನ್ನು ಅರಗಿಸಿಕೊಳ್ಳಲಾರದೆ ಸೊರಗುತ್ತದೆ. ಇದು ಮನುಷ್ಯರಿಗೆ ಗೊತ್ತಾದದ್ದು ಯಾವ ಗಿಡದಿಂದ ಅಂತೀರಿ? ಟೊಮೆಟೊದಿಂದಲೇ. 1939ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ಡೇನಿಯಲ್ ಆರ್ನನ್ ಮತ್ತು ಪೆರಿ ಸ್ಟೌಟ್ ನೀರನ್ನೂ ಲವಣಗಳನ್ನೂ ಮತ್ತೆ ಮತ್ತೆ ಶುದ್ಧಿ ಮಾಡಿ, ಲೋಹದ ಸುಳಿವೂ ಉಳಿಯದಂತೆ ನೋಡಿಕೊಂಡು ಅದರಲ್ಲಿ ಟೊಮೆಟೊ ಬೆಳೆಸಿದರು. ಗಿಡ ಕಾಯಿಲೆ ಬಿತ್ತು. ಹತ್ತು ಕೋಟಿಗೆ ಒಂದು ಪಾಲಿನಷ್ಟು ಮಾಲಿಬ್ಡಿನಂ ಸೇರಿಸಿದಾಗ ಚೇತರಿಸಿಕೊಂಡಿತು. ಮಣ್ಣಿನಲ್ಲಿ ಈ ಪ್ರಯೋಗ ಸಾಧ್ಯವೇ ಇರಲಿಲ್ಲ. ಮಣ್ಣು ಧಾರಾಳಿ, ಕೇಳದೆಯೂ ಒಂದು ಚೂರು ಕೊಟ್ಟುಬಿಡುತ್ತದೆ. ನೀರಿನಲ್ಲಿ ಬೆಳೆಸಿದಾಗ ಮಾತ್ರ ಗಿಡದ ಹಸಿವನ್ನು ಒಂದೊಂದೇ ಹೆಸರು ಹಿಡಿದು ಕೇಳಬಹುದು.

ಅದೇ ಬರ್ಕ್‌ಲಿಯಲ್ಲಿ ಅದಕ್ಕೂ ಹತ್ತು ವರ್ಷ ಹಿಂದೆ, 1929ರಲ್ಲಿ, ವಿಲಿಯಂ ಗೆರಿಕೆ ಎಂಬ ವಿಜ್ಞಾನಿ ಪ್ರಯೋಗಶಾಲೆಯ ಈ ತಂತ್ರವನ್ನೇ ಬೇಸಾಯವಾಗಿ ಮಾಡಬಹುದೆಂದು ಪ್ರಕಟಿಸಿದ್ದ. ಅವನ ಟೊಮೆಟೊ ಬಳ್ಳಿಗಳು ಇಪ್ಪತ್ತೈದು ಅಡಿ ಎತ್ತರಕ್ಕೆ ಏರಿದವು, ಹಣ್ಣು ಕೀಳಲು ಏಣಿ ಬೇಕಾಯಿತು! ಪತ್ರಿಕೆಗಳು ಹುಚ್ಚೆದ್ದು ಬರೆದವು. ಇನ್ನು ಹೊಲಗಳೇ ಬೇಡ ಎಂಬಷ್ಟು ಗದ್ದಲವೆದ್ದಾಗ ವಿಶ್ವವಿದ್ಯಾಲಯ ಡೆನಿಸ್ ಹೋಗ್ಲಂಡ್ ಮತ್ತು ಆರ್ನನ್‌ಗೆ ಪರೀಕ್ಷಿಸಿ ನೋಡಲು ಹೇಳಿತು. 1938ರಲ್ಲಿ ಅವರು ಹೊರತಂದ ಸಣ್ಣ ಪುಸ್ತಿಕೆಯ ತೀರ್ಮಾನ ನನಗೆ ಬಹಳ ಇಷ್ಟ: ಒಳ್ಳೆಯ ಮಣ್ಣಿಗಿಂತ ನೀರೇನೂ ಹೆಚ್ಚು ಇಳುವರಿ ಕೊಡದು, ಆದರೆ ಒಳ್ಳೆಯ ಮಣ್ಣಿಗೆ ಸರಿಸಮನಾಗಿ ನಿಲ್ಲಬಲ್ಲದು. ಅದೇ ಪುಸ್ತಿಕೆಯಲ್ಲಿ ಅವರು ಕೊಟ್ಟ ಪೋಷಕ ದ್ರಾವಣದ ಲೆಕ್ಕ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಇಂದಿಗೂ ಜಗತ್ತಿನಾದ್ಯಂತ ನಡೆಯುತ್ತಿದೆ. ದಾದರ್‌ನ ಬಕೆಟ್ಟಿನಲ್ಲಿರುವುದೂ ಅದರ ಸಂತಾನವೇ.

ನಮ್ಮ ದೇಶಕ್ಕೂ ಇದು ನಿನ್ನೆ ಮೊನ್ನೆ ಬಂದದ್ದಲ್ಲ. 1946ರಲ್ಲೇ ಆಗಿನ ಡಾರ್ಜಿಲಿಂಗ್ ಜಿಲ್ಲೆಯ ಕಾಲಿಂಪಾಂಗ್‌ನಲ್ಲಿ ಜೇಮ್ಸ್ ಶೋಲ್ಟೊ ಡಗ್ಲಾಸ್ ಎಂಬಾತ ಪಂಪು, ಕೊಳವೆಗಳ ಹಂಗಿಲ್ಲದೆ, ಜಲ್ಲಿ ಮತ್ತು ಮರಳಿನಲ್ಲಿ ಬೆಳೆಸುವ ಅಗ್ಗದ ಪದ್ಧತಿ ರೂಪಿಸಿದ. ಬಂಗಾಳ ಪದ್ಧತಿ ಎಂದೇ ಅದು ಹೆಸರಾಯಿತು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತೆಂಗಿನ ನಾರಿನ ಪುಡಿಯನ್ನು ಹದಗೊಳಿಸಿ ಮಣ್ಣಿಲ್ಲದೆ ತರಕಾರಿ ಬೆಳೆಯುವ ಕ್ರಮ ರೂಪಿಸಿ, ಅದಕ್ಕೆಂದೇ 'ಅರ್ಕ ಸಸ್ಯ ಪೋಷಕ ರಸ' ಎಂಬ ದ್ರಾವಣವನ್ನೂ ತಯಾರಿಸಿದೆ. ಮುಂಬಯಿಯ ಅಂಧೇರಿಯಲ್ಲಿ 2017ರಲ್ಲಿ ಹರ್ಬಿವೋರ್ ಫಾರ್ಮ್ಸ್‌ನವರು ಕಟ್ಟಡದೊಳಗೇ ಅಂತಸ್ತು ಅಂತಸ್ತಾಗಿ ಸೊಪ್ಪು ಬೆಳೆಯಲು ಶುರುಮಾಡಿದರು. ಸೊಪ್ಪಿನ ವಿಷಯ ಸುಲಭ, ಎಲೆ ಬಂದರೆ ಕೆಲಸ ಮುಗಿಯಿತು. ಟೊಮೆಟೊ ಹಾಗಲ್ಲ. ಅದು ಹೂ ಬಿಡಬೇಕು, ಹೂ ಕಾಯಿ ಕಚ್ಚಬೇಕು, ಕಾಯಿ ಬಲಿಯಬೇಕು, ಕೆಂಪಾಗಬೇಕು. ಒಂದೊಂದು ಹೆಜ್ಜೆಗೂ ಅದು ಬೇರೊಂದನ್ನು ಕೇಳುತ್ತದೆ.

ಬೆಳಕನ್ನೇ ನೋಡಿ. ಮಧ್ಯಾಹ್ನದ ಹೊತ್ತು ನಮ್ಮ ಕೋಣೆ ಎಷ್ಟು ಬೆಳಗುತ್ತಿದೆ ಅನ್ನಿಸುತ್ತದೆ! ಆದರೆ ಹೊರಗಿನ ಬಿಸಿಲು ಒಂದು ಲಕ್ಷ ಲಕ್ಸ್ ಆಸುಪಾಸು ಇದ್ದಾಗ, ಕಿಟಕಿಯಿಂದ ಒಳಗೆ ನಾವು ಆರಾಮವಾಗಿ ಪತ್ರಿಕೆ ಓದುವ ಜಾಗದಲ್ಲಿ ಇರುವುದು ಐನೂರು ಲಕ್ಸ್, ಕೆಲವೊಮ್ಮೆ ಅಷ್ಟೂ ಇಲ್ಲ. ಇನ್ನೂರು ಪಟ್ಟು ವ್ಯತ್ಯಾಸ! ನಮ್ಮ ಪಾಪೆ ಹಿಗ್ಗಿ, ಮೆದುಳು ಸರಿದೂಗಿಸಿ ಆ ಕೊರತೆಯನ್ನು ಮುಚ್ಚಿಹಾಕುತ್ತವೆ. ಗಿಡಕ್ಕೆ ಪಾಪೆ ಇಲ್ಲ. ಅದು ಬೆಳಕಿನ ಒಂದೊಂದು ಕಣವನ್ನೂ ಎಣಿಸಿಯೇ ಸಕ್ಕರೆ ಮಾಡುತ್ತದೆ. ಅದಕ್ಕೇ ಕಿಟಕಿಯ ಒಳಗಿಟ್ಟ ಟೊಮೆಟೊ ಉದ್ದುದ್ದ ಸಣಕಲಾಗಿ ಗಾಜಿನ ಕಡೆಗೆ ಕತ್ತು ಚಾಚುತ್ತದೆ. ಅದರ ಮೇಲೆ ಒಂದು ಗೇಣು ಅಂತರದಲ್ಲಿ ಐವತ್ತು ವ್ಯಾಟ್‌ನ ಬಿಳಿ ಎಲ್‌ಇಡಿ ದೀಪ ತೂಗಿಬಿಟ್ಟು ದಿನಕ್ಕೆ ಹದಿನಾರು ಗಂಟೆ ಉರಿಸಿ, ಅಬ್ಬ, ಗೆಣ್ಣುಗಳು ಒತ್ತೊತ್ತಾಗುತ್ತವೆ, ಎಲೆ ಕಡುಹಸಿರಾಗಿ ದಪ್ಪಗಾಗುತ್ತದೆ. ಅದಕ್ಕೆ ಖರ್ಚಾಗುವ ವಿದ್ಯುತ್ತು ದಿನಕ್ಕೆ ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಮೇಲೆ. ಹೊರಗೆ ಹೊಲದ ಮೇಲೆ ಸೂರ್ಯ ಇದೇ ಕೆಲಸವನ್ನು ಬಿಲ್ಲು ಕಳಿಸದೆ ಮಾಡುತ್ತಿದ್ದಾನೆ. ಅಂಗೈಯಗಲದ ಜಾಗಕ್ಕೆ ಬೆಳಕಿನ ಲೆಕ್ಕ ಕಟ್ಟಿದ ಮೇಲೆ ಮಾಘದ ಬಿಸಿಲನ್ನು ನೋಡುವ ರೀತಿಯೇ ಬದಲಾಗುತ್ತದೆ.

ಹಾಗಾದರೆ ಇಪ್ಪತ್ನಾಲ್ಕು ಗಂಟೆಯೂ ದೀಪ ಉರಿಸಿದರೆ? ಇಲ್ಲಿದೆ ನೋಡಿ ಇನ್ನೊಂದು ಸೋಜಿಗ. ಸದಾ ಬೆಳಕಿನಲ್ಲಿ ಎಷ್ಟೋ ಗಿಡಗಳು ಹಾಯಾಗಿರುತ್ತವೆ, ಟೊಮೆಟೊ ಮಾತ್ರ ಎಲೆ ಹಳದಿಗಟ್ಟಿಸಿಕೊಂಡು ಸಾಯುತ್ತದೆ. ಅದಕ್ಕೆ ಇರುಳು ಬೇಕೇ ಬೇಕು! ಅದರ ಕಾಡು ಬಂಧುಗಳಲ್ಲಿ ಕೆಲವಕ್ಕೆ ಈ ತೊಂದರೆ ಇಲ್ಲ ಎಂದು ಕಂಡು, ಏಳನೇ ವರ್ಣತಂತುವಿನ ಮೇಲಿರುವ ಒಂದು ಜೀನ್ ಇದಕ್ಕೆ ಕಾರಣ ಎಂದು 2014ರಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಗುರುತಿಸಿದರು. ನಾಡಿಗೆ ಬಂದ ಟೊಮೆಟೊ ದಾರಿಯಲ್ಲೆಲ್ಲೋ ಆ ಗುಣವನ್ನು ಕಳೆದುಕೊಂಡಿದೆ. ಅಂತೂ ರಾತ್ರಿ ಹನ್ನೊಂದಕ್ಕೆ ಟೈಮರ್ ಟಕ್ಕೆಂದು ದೀಪ ಆರಿಸುವುದು ವಿದ್ಯುತ್ತು ಉಳಿಸುವುದಕ್ಕಲ್ಲ, ಗಿಡ ಉಳಿಸುವುದಕ್ಕೆ.

ಈಗ ಹೂವಿಗೆ ಬರೋಣ, ಇಡೀ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗಕ್ಕೆ.

ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ಮನೆಯಲ್ಲಿವೆ. ಪರಾಗಕೋಶಗಳು ಒಂದಕ್ಕೊಂದು ಅಂಟಿಕೊಂಡು ಹಳದಿ ಕೊಳವೆಯಾಗಿ, ಹೆಣ್ಣುಭಾಗ ಆ ಕೊಳವೆಯ ಒಳಗೇ ಕೂತಿದೆ. ಇನ್ನೇನು ಬೇಕು, ಕಾಯಿ ತಾನಾಗಿ ಕಚ್ಚಬೇಕಲ್ಲ? ಕೋಣೆಯೊಳಗೆ ಕಚ್ಚುವುದು ಅಪರೂಪ. ಹೂ ಅರಳುತ್ತದೆ, ಎರಡು ಮೂರು ದಿನ ನಿಲ್ಲುತ್ತದೆ, ತೊಟ್ಟಿನ ಗಂಟಿನಲ್ಲಿ ಕಳಚಿ ಬೀಳುತ್ತದೆ. ಕಾರಣ, ಪರಾಗ ಹೊರಗಿಲ್ಲ! ಅದು ಕೊಳವೆಯ ಒಳಗೆ ಬೀಗ ಹಾಕಿದಂತಿದೆ, ಅಲುಗಾಡಿಸಿದರೆ ಮಾತ್ರ ಉದುರುತ್ತದೆ. ಹೊಲದಲ್ಲಿ ಗಾಳಿ ಅಲುಗಾಡಿಸುತ್ತದೆ. ಅದಕ್ಕಿಂತ ಚೆನ್ನಾಗಿ ಆ ಬೀಗ ತೆಗೆಯುವ ಕಸುಬು ಕಲಿತಿರುವುದು ಕೆಲವು ಬಗೆಯ ದುಂಬಿಗಳು. ನಮ್ಮ ತುಡುವೆ ಜೇನಿಗೂ ಅದು ಬಾರದು. ಮರ ಕೊರೆದು ಗೂಡು ಮಾಡುವ ಕರಿ ದುಂಬಿಗೆ ಬರುತ್ತದೆ, ಹೊಟ್ಟೆಯ ಮೇಲೆ ನೀಲಿ ಪಟ್ಟಿಗಳಿರುವ ಪುಟ್ಟ ಒಂಟಿಜೇನಿಗೆ ಬರುತ್ತದೆ. ಅವು ಹೂವನ್ನು ಕಚ್ಚಿ ಹಿಡಿದು, ರೆಕ್ಕೆ ಮಡಚಿಟ್ಟು, ಹಾರುವ ಸ್ನಾಯುಗಳನ್ನು ಮಾತ್ರ ಸೆಕೆಂಡಿಗೆ ಕೆಲವು ನೂರು ಸಲ ಅದುರಿಸುತ್ತವೆ. ಹಾರದೆಯೇ ಹಾರುವ ಶಕ್ತಿ! ಆ ಅದುರಿಗೆ ಪರಾಗ ಕೊಳವೆಯ ತುದಿಯಿಂದ ಧೂಳಾಗಿ ಸುರಿಯುತ್ತದೆ. ಬದನೆ ಹೂವಿನದೂ ಇದೇ ಗುಟ್ಟು. ಯುರೋಪಿನ ಗಾಜಿನಮನೆಗಳಲ್ಲಿ ಕೂಲಿಯಾಳುಗಳು ಕೋಲು ಹಿಡಿದು ಹೂಗೊಂಚಲುಗಳನ್ನು ಒಂದೊಂದಾಗಿ ಅದುರಿಸುತ್ತಿದ್ದರು. 1987ರಲ್ಲಿ ಬೆಲ್ಜಿಯಂನ ಪಶುವೈದ್ಯ ರೋಲಂಡ್ ಡಿ ಯೋಂಗೆ ರೋಮಭರಿತ ಬಂಬಲ್ ದುಂಬಿಗಳನ್ನು ಪೆಟ್ಟಿಗೆಯಲ್ಲಿ ಸಾಕಿ ಮಾರಲು ಶುರುಮಾಡಿದ ಮೇಲೆ ಆ ಕೋಲುಗಳು ಮೂಲೆ ಸೇರಿದವು.

ದಾದರ್‌ನ ಮೇಲಿನ ಮಹಡಿಯ ಮುಚ್ಚಿದ ಕೋಣೆಗೆ ದುಂಬಿ ಎಲ್ಲಿಂದ ಬರಬೇಕು? ಅದಕ್ಕೇ ವಿದ್ಯುತ್ ಹಲ್ಲುಜ್ಜುವ ಬ್ರಷ್ಷು! ಬೆಳಗಿನ ಹತ್ತರಿಂದ ಮಧ್ಯಾಹ್ನದೊಳಗೆ, ಹೂ ಒಣಗಿ ಗರಿಯಾಗಿರುವಾಗ, ಬ್ರಷ್ಷಿನ ಬೆನ್ನನ್ನು ಹೂಗೊಂಚಲಿನ ತೊಟ್ಟಿಗೆ ಒಂದು ಕ್ಷಣ ತಾಗಿಸಬೇಕು. ಹೂವಿನ ಕೆಳಗೆ ಒಂದು ಕರಿ ಕಾಗದ ಹಿಡಿಯಿರಿ, ದಯವಿಟ್ಟು ಹಿಡಿಯಿರಿ, ಇಲ್ಲದಿದ್ದರೆ ನೋಡುವ ಭಾಗ್ಯ ತಪ್ಪುತ್ತದೆ. ಝುಂ ಎನ್ನುತ್ತಲೇ ತಿಳಿಹಳದಿಯ ನುಣ್ಣನೆ ಹುಡಿ ಹೊಗೆಯಂತೆ ಇಳಿದು ಕಾಗದದ ಮೇಲೆ ಕೂರುತ್ತದೆ. ಅದೇ ಗಳಿಗೆಯಲ್ಲಿ ಕೊಳವೆಯೊಳಗೆ ಅದೇ ಹುಡಿ ಹೆಣ್ಣಿನ ಅಂಟು ತುದಿಯ ಮೇಲೆ ಬಿದ್ದಿದೆ. ವಾರದೊಳಗೆ ದಳ ಬಾಡಿ, ಒಳಗಿನಿಂದ ಸಾಸಿವೆಯಂಥ ಹಸಿರು ಗುಂಡು ತಲೆ ಹಾಕುತ್ತದೆ. ನಮ್ಮ ಕೈಯಲ್ಲಿ ದುಂಬಿಯ ಕೆಲಸ ನಡೆದುಹೋಯಿತು! ನಾನು ಈಗ ಪಾರ್ಸಿ ಕಾಲನಿಯ ಫೈವ್ ಗಾರ್ಡನ್ಸ್ ಮರಗಳ ಕೆಳಗೆ ನಡೆಯುವಾಗ ಕರಿ ದುಂಬಿಯೊಂದು ಗುಂಯ್ಗುಡುತ್ತ ಹೋದರೆ ನಿಂತು ನೋಡುತ್ತೇನೆ. ಎಂಥ ಕುಶಲಕರ್ಮಿ ಅದು, ಎಷ್ಟು ಸಾವಿರ ಹೂಗಳ ಬೀಗ ತೆಗೆದಿದೆಯೋ.

ಗಾಳಿಯ ಕತೆ ಇನ್ನೂ ಒಗಟಿನದು. ಟೊಮೆಟೊದ ತವರು ದಕ್ಷಿಣ ಅಮೆರಿಕದ ಪಶ್ಚಿಮ ಅಂಚು, ಪೆರು ಮತ್ತು ಈಕ್ವೆಡಾರ್. ಅದರ ಕಾಡು ಬಂಧುಗಳಲ್ಲಿ ಎಷ್ಟೋ ಒಣ ನೆಲದ ಗಿಡಗಳು. ಮುಂಬಯಿಯ ಜುಲೈ ಅಂದರೆ ಬಟ್ಟೆ ಒಣಗದ, ಗೋಡೆ ಬೆವರುವ ಕಾಲ. ಆ ದಿನಗಳಲ್ಲಿ ಕಾಯಿಯ ತುದಿ ಕಪ್ಪಾಗಿ, ತೊಗಲಿನಂತೆ ಒಳಕ್ಕೆ ಕುಸಿಯುತ್ತದೆ. ಕ್ಯಾಲ್ಸಿಯಂ ಕೊರತೆಯ ಲಕ್ಷಣ ಅದು. ಆದರೆ ಬಕೆಟ್ಟಿನ ನೀರಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ! ಹಾಗಾದರೆ? ಕ್ಯಾಲ್ಸಿಯಂಗೆ ಗಿಡದೊಳಗೆ ಒಂದೇ ವಾಹನ, ಬೇರಿನಿಂದ ಎಲೆಗೆ ಏರುವ ನೀರು. ಎಲೆ ಬೆವರಿದಷ್ಟೂ ನೀರು ಏರುತ್ತದೆ, ಅದರ ಬೆನ್ನೇರಿ ಕ್ಯಾಲ್ಸಿಯಂ. ಹೊರಗಿನ ಗಾಳಿಯೇ ತೇವದಿಂದ ತುಂಬಿದ್ದರೆ ಎಲೆ ಬೆವರುವುದು ಹೇಗೆ? ಏರಿದ ಅಷ್ಟಿಷ್ಟೂ ಎಲೆಗೆ ಹೋಗಿ, ಬೆವರದ ಕಾಯಿ ತುಂಬಿದ ಮನೆಯಲ್ಲಿ ಉಪವಾಸ ಬೀಳುತ್ತದೆ. ಮದ್ದು ಗೊಬ್ಬರದಲ್ಲಿಲ್ಲ, ಒಂದು ಪುಟ್ಟ ಟೇಬಲ್ ಫ್ಯಾನಿನಲ್ಲಿದೆ. ಎಲೆ ಮೆಲ್ಲನೆ ನಡುಗುವಷ್ಟು ಗಾಳಿ ಹಗಲೆಲ್ಲ ಆಡಿದರೆ ಹೊಸ ಕಾಯಿಗಳು ತುದಿಯವರೆಗೂ ನುಣ್ಣಗೆ ಬರುತ್ತವೆ. ಕಾಂಡವೂ ಗಟ್ಟಿಯಾಗುತ್ತದೆ, ಯಾಕೆಂದರೆ ಅಲುಗಾಡಿದ ಕಾಂಡ ತನ್ನನ್ನು ತಾನು ಬಲಪಡಿಸಿಕೊಳ್ಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ನಮ್ಮ ಅಜ್ಜಿಯರು ಬೆಂಡೆ, ಹೀರೆ, ಮುಳ್ಳುಸೌತೆ ಬೆಳೆದರೇ ಹೊರತು ಟೊಮೆಟೊ ಗೋಜಿಗೆ ಹೋಗಲಿಲ್ಲ ಎನ್ನುವುದರ ಹಿಂದೆ ಎಷ್ಟು ತಿಳಿವಳಿಕೆ ಇತ್ತು!

ಸೆಕೆಯದೂ ಒಂದು ಪಾಠ. ರಾತ್ರಿಯ ಉಷ್ಣತೆ ಇಪ್ಪತ್ತನಾಲ್ಕು ದಾಟಿದರೆ ಪರಾಗ ಸೊರಗಿ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಮುವ್ವತ್ತರ ಮೇಲೆ ಕೆಂಪು ಬಣ್ಣದ ಲೈಕೋಪೀನ್ ತಯಾರಾಗುವುದು ಕುಂಠಿತವಾಗಿ, ಹಳದಿಯ ಕ್ಯಾರೋಟಿನ್ ಮಾತ್ರ ಮುಂದುವರಿದು, ಏಪ್ರಿಲ್‌ನ ಹಣ್ಣು ಕಿತ್ತಳೆ ಬಣ್ಣದಲ್ಲೇ ನಿಂತುಬಿಡುತ್ತದೆ. ಹಣ್ಣಿನ ಮೈಯೇ ಒಂದು ಉಷ್ಣಮಾಪಕ! ಬಕೆಟ್ಟಿನ ನೀರಿಗೂ ಸೆಕೆ ಆಗದು. ಇಪ್ಪತ್ತು ಡಿಗ್ರಿಯ ನೀರು ಲೀಟರಿಗೆ ಒಂಬತ್ತು ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, ಮುವ್ವತ್ತರಲ್ಲಿ ಏಳೂವರೆ. ಬೇರಿಗೆ ಉಸಿರು ಸಿಕ್ಕುವಂತೆ ಮೀನಿನ ತೊಟ್ಟಿಯ ಗಾಳಿಪಂಪು ಹಾಕಬಹುದು, ಇಲ್ಲವೇ ಹವಾಯಿ ವಿಶ್ವವಿದ್ಯಾಲಯದ ಬಿ. ಎ. ಕ್ರಾಟ್ಕಿ ತೋರಿಸಿದ ಪಂಪಿಲ್ಲದ ದಾರಿ ಹಿಡಿಯಬಹುದು: ನೀರನ್ನು ಮತ್ತೆ ಮತ್ತೆ ಅಂಚಿನವರೆಗೆ ತುಂಬದೆ, ಇಳಿಯಲು ಬಿಟ್ಟು, ಬೇರಿನ ಮೇಲರ್ಧಕ್ಕೆ ಗಾಳಿಯ ಕೋಣೆ ಬಿಟ್ಟುಕೊಡುವುದು. ಮೊದಲು ಹೇಳಿದ ರೋಮಭರಿತ ಬೇರುಗಳು ಹುಟ್ಟುವುದು ಆ ಕೋಣೆಯಲ್ಲೇ.

ಇಷ್ಟೆಲ್ಲ ಮೌನವಾಗಿ ನಡೆಯುತ್ತದೆ ಎಂದುಕೊಂಡಿದ್ದೆ, ಮೌನವೂ ನಿಜವಲ್ಲ! 2023ರ ಮಾರ್ಚಿನಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದವರು 'ಸೆಲ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನೀರಿಲ್ಲದೆ ಬಾಡುತ್ತಿರುವ ಟೊಮೆಟೊ ಗಿಡ ಗಂಟೆಗೆ ಹತ್ತಾರು ಸಲ ಟಿಕ್ ಟಿಕ್ ಎಂದು ಸದ್ದು ಮಾಡುತ್ತದಂತೆ. ನೀರುಂಡು ಸುಖವಾಗಿರುವ ಗಿಡ ಗಂಟೆಗೆ ಒಂದು ಸಲವೂ ಮಾಡುವುದಿಲ್ಲ. ನಾವು ಮಾತಾಡುವಷ್ಟೇ ಜೋರು, ಆದರೆ ನಮ್ಮ ಕಿವಿಗೆ ಎಟುಕದ ಎತ್ತರದ ಶ್ರುತಿ. ನೀರೇರುವ ನಾಳಗಳಲ್ಲಿ ಗಾಳಿಗುಳ್ಳೆ ಒಡೆಯುವುದು ಅದಕ್ಕೆ ಕಾರಣವಿರಬಹುದು ಎಂದು ಅವರ ಊಹೆ. ಲೋಕಲ್ ರೈಲಿನ ಗಡಗಡ, ಹಾರ್ನು, ಫೇರಿವಾಲಾಗಳ ಕೂಗಿನ ನಡುವೆ ನಮ್ಮ ದಾದರ್‌ನ ಗಿಡವೂ ಬಾಯಾರಿದಾಗ ಹೇಳಿಕೊಳ್ಳುತ್ತದೆ!

ಹೀಗೆ ಕೋಣೆಯೊಳಗೆ ಟೊಮೆಟೊ ಬೆಳೆದರೆ ಮನೆಯ ತರಕಾರಿ ಖರ್ಚು ಉಳಿಯುತ್ತದೆಯೇ? ಉಳಿಯುವುದಿಲ್ಲ, ಹಾಗೆಂದು ನಂಬಿಸಿ ಯಾರಿಗೂ ಬಕೆಟ್ಟು ಕೊಳ್ಳಿಸಬಾರದು. ಕೋಣೆಗೆ ತಕ್ಕವು ಕುಳ್ಳ ತಳಿಗಳು. ಫ್ಲಾರಿಡಾದಲ್ಲಿ 1989ರಲ್ಲಿ ಹೊರಬಂದ ಮೈಕ್ರೋ-ಟಾಮ್ ಒಂದು ಗೇಣಿನಷ್ಟೇ ಎತ್ತರ, ಅದಕ್ಕಿಂತ ಹಳೆಯ ಟೈನಿ ಟಿಮ್, ಮತ್ತೆ ರೆಡ್ ರಾಬಿನ್. ಇವು ಕೊಡುವುದು ಬೊಗಸೆ ಲೆಕ್ಕದ ಹಣ್ಣು. ದಾದರ್ ಮಾರುಕಟ್ಟೆಯನ್ನು ತುಂಬುವುದು ಪಿಂಪಳಗಾಂವ್, ನಾರಾಯಣಗಾಂವ್‌ಗಳ ಲಾರಿಗಳೇ. 2023ರ ಜುಲೈನಲ್ಲಿ ಕೋಲಾರದಲ್ಲಿ ಹದಿನೈದು ಕಿಲೋ ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿದಾಗ ಮುಂಬಯಿಯ ಅಡುಗೆಮನೆಗಳೂ ಹುಣಸೆಹಣ್ಣಿಗೆ ಮರಳಿದವು. ಅದೇ ಟೊಮೆಟೊ ಕೆಲವೊಮ್ಮೆ ಕೀಳುವ ಕೂಲಿಯೂ ಹುಟ್ಟದೆ ರಸ್ತೆಗೆ ಬೀಳುತ್ತದೆ. ಎಲೆಮುದುಡು ವೈರಸ್ಸು, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುವ 'ಅರ್ಕ ರಕ್ಷಕ್' ತಳಿಗಾಗಿ ಹೆಸರಘಟ್ಟದ ವಿಜ್ಞಾನಿಗಳು ವರ್ಷಗಟ್ಟಲೆ ದುಡಿದದ್ದು ಯಾಕೆಂದು ಒಂದೇ ಒಂದು ಗಿಡ ಸಾಕಿದವರಿಗೂ ಅರ್ಥವಾಗುತ್ತದೆ. ಬಯಲಿನಲ್ಲಿ ನಿಂತು, ಮಳೆಯನ್ನೂ ದರವನ್ನೂ ಕೈಯಲ್ಲಿ ಹಿಡಿಯಲಾಗದೆ ಎಕರೆಗಟ್ಟಲೆ ಬೆಳೆಯುವವನ ಬಗ್ಗೆ ನನಗೆ ಈಗ ಮೊದಲಿಗಿಂತ ಹತ್ತು ಪಟ್ಟು ಗೌರವ.

ಆದರೆ ರುಚಿ! ಮಾರುಕಟ್ಟೆಯ ಹಣ್ಣನ್ನು ಬಣ್ಣ ತಿರುಗುವ ಮೊದಲೇ ಕೀಳಬೇಕು, ಲಾರಿಯ ದಾರಿ ತಾಳಬೇಕು. ಎಲ್ಲ ಹಣ್ಣೂ ಒಂದೇ ಸಮ ಕೆಂಪಾಗಲೆಂದು ದಶಕಗಳ ಕಾಲ ಆಯ್ದು ಬೆಳೆಸಿದ ತಳಿಗಳಲ್ಲಿ, ಕಾಯಿಯ ಹೆಗಲಿಗೆ ಕಡುಹಸಿರು ಕೊಡುವ ಜೀನ್ ಕೆಟ್ಟುಹೋಗಿದೆ, ಅದರ ಜೊತೆಗೇ ಸಕ್ಕರೆಯೂ ಸ್ವಲ್ಪ ಇಳಿದಿದೆ ಎಂದು 2012ರಲ್ಲಿ ಪತ್ತೆಯಾಯಿತು. ಫ್ರಿಜ್ಜಿನ ತಂಪಿನಲ್ಲಿ ಪರಿಮಳದ ಜೀನ್‌ಗಳು ಮಂಕಾಗುತ್ತವೆ ಎಂದು 2016ರಲ್ಲಿ. ಗಿಡದಲ್ಲೇ ಪೂರ್ತಿ ಕೆಂಪಾಗಿ, ಮುಟ್ಟಿದರೆ ತೊಟ್ಟಿನ ಗಂಟಿನಲ್ಲಿ ತಾನಾಗಿ ಕಳಚಿಕೊಂಡ ಹಣ್ಣನ್ನು ಆಗಲೇ ಬಾಯಿಗೆ ಹಾಕಿಕೊಳ್ಳಿ. ಹುಳಿ ಮೊದಲು, ಅದರ ಬೆನ್ನಿಗೇ ಸಿಹಿ, ಆಮೇಲೆ ಮೂಗಿನ ಹಿಂದೆಲ್ಲೋ ಎಲೆಯ ಘಾಟು. ನೀರು ಮತ್ತು ಉಪ್ಪಿನಿಂದ ಇಷ್ಟೂ ಬಂತೇ? ಬಂತು. ಯಾಕೆಂದರೆ ಪಾಕದ ಬರಹ ಮಣ್ಣಿನಲ್ಲಿರಲಿಲ್ಲ, ಬೀಜದಲ್ಲಿತ್ತು. ಆ ಬರಹವನ್ನು 2012ರ ಮೇ ತಿಂಗಳಲ್ಲಿ ಭಾರತವೂ ಸೇರಿ ಹಲವು ದೇಶಗಳ ವಿಜ್ಞಾನಿಗಳು ಓದಿ ಮುಗಿಸಿದಾಗ ಸಿಕ್ಕ ಜೀನ್‌ಗಳು ಸುಮಾರು ಮುವ್ವತ್ತೈದು ಸಾವಿರ, ಮನುಷ್ಯರಿಗಿರುವುದಕ್ಕಿಂತ ಹೆಚ್ಚು!

ಇಂಥ ಕುಳ್ಳ ತಳಿಗಳನ್ನೇ ಬಾಹ್ಯಾಕಾಶಕ್ಕೂ ಒಯ್ದಿದ್ದಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ರೆಡ್ ರಾಬಿನ್ ಬೆಳೆದಿದೆ. ಗಗನಯಾತ್ರಿ ಫ್ರಾಂಕ್ ರುಬಿಯೊ ಅಲ್ಲಿ ಬೆಳೆದ ಪುಟ್ಟ ಟೊಮೆಟೊ ಒಂದು ಚೀಲದೊಳಗೆ ತೇಲಿಕೊಂಡು ಎಲ್ಲೋ ಕಳೆದುಹೋಗಿ, ಅವರು ಭೂಮಿಗೆ ಮರಳಿದ ಮೇಲೆ 2023ರ ಡಿಸೆಂಬರಿನಲ್ಲಿ ಒಣಗಿ ಚಪ್ಪಟೆಯಾಗಿ ಸಿಕ್ಕಿತು. ಮಣ್ಣಿಲ್ಲದ, ದುಂಬಿಯಿಲ್ಲದ ಆ ಮನೆಯಲ್ಲೂ ಹೂವನ್ನು ಕೈಯಿಂದಲೇ ಅದುರಿಸಬೇಕು. ದಾದರ್‌ನ ಕಿಟಕಿಯಲ್ಲಿ ನಾವು ಮಾಡುವ ಕೆಲಸವನ್ನೇ ಗಗನಯಾತ್ರಿಗಳು ನಾಲ್ಕುನೂರು ಕಿಲೋಮೀಟರ್ ಮೇಲೆ ಮಾಡಿದ್ದಾರೆ.

ಮಾಡಿ ನೋಡುವ ಆಸೆಯಾದವರಿಗೆ ಮುಂಬಯಿಯಲ್ಲಿ ಕಾಲ ಇಂಥದ್ದು: ಗಣಪತಿಯನ್ನು ದಾದರ್ ಚೌಪಾಟಿಯಲ್ಲಿ ಬಿಟ್ಟು ಬಂದ ವಾರ ಬೀಜ ನೆನೆಹಾಕಿ. ತೆಂಗಿನ ನಾರಿನ ಪುಡಿಯಲ್ಲಿ ಮೊಳಕೆ ಬಂದು, ದೀಪಾವಳಿಯ ಹೊತ್ತಿಗೆ ಗಿಡ ಬಕೆಟ್ಟಿನಲ್ಲಿ ಬೇರು ಬಿಟ್ಟು ಕೂತಿರುತ್ತದೆ, ಹೂ ಬರುವಾಗ ರಾತ್ರಿಗಳು ಇಪ್ಪತ್ತರ ಆಸುಪಾಸಿಗೆ ಇಳಿದಿರುತ್ತವೆ. ಬಕೆಟ್ಟು ಬೆಳಕು ತೂರದ ಗಾಢ ಬಣ್ಣದ್ದಿರಲಿ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ. ನಮ್ಮ ಮನೆಯಲ್ಲಿ ಈ ಸಲ ಬೀಜ ಬೇಕಾಗಿಲ್ಲ. ಎಲೆಯ ಕಂಕುಳಲ್ಲಿ ಹೊರಟ ಬೆರಳುದ್ದದ ಚಿಗುರೊಂದನ್ನು ಮುರಿದು ಲೋಟದ ನೀರಿನಲ್ಲಿ ನಿಲ್ಲಿಸಿದ್ದೆ. ಕಾಂಡದ ಮೇಲಿನ ಸಣ್ಣ ಗುಳ್ಳೆಗಳು, ನಾವು ಗಂಟು ಅಂದುಕೊಂಡದ್ದು, ವಾರದೊಳಗೆ ಒಡೆದು ಬಿಳಿ ಬೇರಾದವು! ಕೆಳಗಿನ ಮಹಡಿಯವರು ಅದನ್ನು ಆಗಲೇ ತಮಗೆ ಬೇಕೆಂದು ಹೇಳಿಟ್ಟಿದ್ದಾರೆ, ನಾನು ಇನ್ನೊಂದು ಚಿಗುರು ಮುರಿಯಬೇ‌ಕು.